ಲಗೇಜೋ ಪಾರ್ಸೆಲ್ಲೋ: ಗುವಾಹಟಿಗೆ ವರ್ಗವಾದ ಯುವ ಮಿಷನರಿಗೆ ರೈಲ್ವೆ ಸೇವೆ ಎಷ್ಟು ಒದಗುತ್ತದೆ

ವರ್ಗಾವಣೆಯ ಪತ್ರದಲ್ಲಿ ಹೋಗಬೇಕಾದ ಊರು, ಸೇರಬೇಕಾದ ತಾರೀಖು, ಅಲ್ಲಿ ಯಾರನ್ನು ಕಾಣಬೇಕು ಅನ್ನುವುದಷ್ಟೇ ಇರುತ್ತದೆ. ಸಾಮಾನು ಹೇಗೆ ಸಾಗಿಸಬೇಕು ಅಂತ ಯಾರೂ ಬರೆಯುವುದಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್ 1965ರಲ್ಲಿ ಶುರುವಾದದ್ದು. ಅಂಥ ಸಂಸ್ಥೆಗಳೂ ಕ್ಯಾಥೊಲಿಕ್ ಸಭೆಗಳೂ ಇಲ್ಲಿನ ಹುಡುಗ ಹುಡುಗಿಯರನ್ನು ಈಶಾನ್ಯಕ್ಕೆ ಕಳಿಸುವುದು ಹೊಸತೇನಲ್ಲ. ಇಪ್ಪತ್ತೈದರ ಆಸುಪಾಸಿನ ಬ್ರದರ್ ಒಬ್ಬರು ಕೋಲಾರದ ಕಡೆಯಿಂದ ಗುವಾಹಟಿಗೆ ಹೊರಟರು ಎಂದುಕೊಳ್ಳಿ. ಮನೆ ತುಂಬ ಸಾಮಾನಿಲ್ಲ, ಆದ್ದರಿಂದ ಪ್ಯಾಕರ್ಸ್‌ನವರನ್ನು ಕರೆಯುವುದು ದಂಡ. ಎರಡು ಸೂಟ್‌ಕೇಸಿಗೆ ಮುಗಿಯುವಷ್ಟು ಕಡಿಮೆಯೂ ಅಲ್ಲ. ಈ ನಡುವಿನ ಗಾತ್ರದ ಸಂಸಾರಕ್ಕೆ ಭಾರತೀಯ ರೈಲ್ವೆಯ ಲಗೇಜ್ ಬುಕಿಂಗ್ ಹೇಳಿ ಮಾಡಿಸಿದಂತಿದೆ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಕಡಿದುಕೊಂಡ ಒಂದೂವರೆ ಅಂಕ ಎಲ್ಲಿ ಹೋಯಿತು ಅನ್ನುವುದೂ ಕೆಳಗಿದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಸ್ಟೇಷನ್ನಿನಲ್ಲಿ ಎಲ್ಲರೂ 'ಪಾರ್ಸೆಲ್ ಹಾಕು' ಅನ್ನುತ್ತಾರೆ, ಆದರೆ ಲಗೇಜ್ ಬೇರೆ, ಪಾರ್ಸೆಲ್ ಬೇರೆ. ಲಗೇಜ್ ಎಂದರೆ ನಿಮ್ಮ ಟಿಕೆಟ್ಟಿನ ಮೇಲೆ ಬುಕ್ ಮಾಡಿ, ನೀವು ಹೋಗುವ ರೈಲಿನ ಬ್ರೇಕ್ ವ್ಯಾನಿಗೇ, ಅಂದರೆ ಗಾರ್ಡ್ ಡಬ್ಬಿಯ ಸಾಮಾನು ಕೋಣೆಗೇ, ಹಾಕಿಸುವುದು. ನೀವು ಇಳಿಯುವ ಕಡೆ ಅದೂ ಇಳಿಯಬೇಕು. ಪಾರ್ಸೆಲ್ಲಿಗೆ ಟಿಕೆಟ್ ಬೇಡ, ನೀವೂ ಪ್ರಯಾಣ ಮಾಡಬೇಕಿಲ್ಲ. ಜಾಗವಿದ್ದ ರೈಲಿಗೆ ಅದು ಹತ್ತುತ್ತದೆ, ಅದು ಇವತ್ತಿನದೂ ಆಗಬಹುದು, ನಾಲ್ಕು ದಿನ ಬಿಟ್ಟು ಬರುವುದೂ ಆಗಬಹುದು. ಹೊಸ ಊರಿನಲ್ಲಿ ಮೊದಲ ವಾರ ಹೊದಿಕೆಯಿಲ್ಲದೆ, ಪಾತ್ರೆಯಿಲ್ಲದೆ ಇರುವವರಲ್ಲಿ ಎಷ್ಟೋ ಮಂದಿ ಲಗೇಜ್ ಎಂದುಕೊಂಡು ಪಾರ್ಸೆಲ್ ಫಾರಂ ತುಂಬಿದವರು. ಕೌಂಟರಿನಲ್ಲಿ ಟಿಕೆಟ್ ತೋರಿಸಿ, 'ಈ ಟಿಕೆಟ್ ಮೇಲೆ ಲಗೇಜ್, ಇದೇ ಗಾಡಿಗೆ' ಎಂದು ಬಾಯಿಬಿಟ್ಟು ಹೇಳಿ. ರಸೀದಿ ಕೈಗೆ ಬಂದಾಗ ಅದರಲ್ಲಿ ಅದೇ ಗಾಡಿ ಸಂಖ್ಯೆ, ಅದೇ ತಾರೀಖು ಇದೆಯೇ ಎಂದು ಕೌಂಟರ್ ಬಿಡುವ ಮೊದಲೇ ಓದಿ.

ಈಗ ತೂಕದ ಲೆಕ್ಕ. ಟಿಕೆಟ್ ಕೊಳ್ಳುವ ಮೊದಲೇ ಈ ಲೆಕ್ಕ ಹಾಕಬೇಕು, ಯಾಕೆಂದರೆ ಎಷ್ಟು ಸಾಮಾನು ಒಯ್ಯಬಹುದು ಅನ್ನುವುದು ದರ್ಜೆಯ ಮೇಲಿದೆ. ಬೋಗಿಯಲ್ಲಿ ನಿಮ್ಮ ಜೊತೆಗೆ ಪುಕ್ಕಟೆಯಾಗಿ ಒಯ್ಯಬಹುದಾದದ್ದು ಎಸಿ ಫಸ್ಟ್ ಕ್ಲಾಸಿನಲ್ಲಿ 70 ಕೆ.ಜಿ., ಎಸಿ 2 ಟಯರಿನಲ್ಲಿ 50, ಎಸಿ 3 ಟಯರ್ ಮತ್ತು ಸ್ಲೀಪರಿನಲ್ಲಿ 40, ಸೆಕೆಂಡ್ ಕ್ಲಾಸಿನಲ್ಲಿ 35. ಇದಕ್ಕಿಂತ ಹೆಚ್ಚಿದ್ದರೆ ಮೊದಲೇ ಬುಕ್ ಮಾಡಿ, ಹೆಚ್ಚಿನ ತೂಕಕ್ಕೆ ಲಗೇಜ್ ದರದ ಒಂದೂವರೆ ಪಟ್ಟು ಕಟ್ಟಿ, ಒಂದು ಗರಿಷ್ಠ ಮಿತಿಯವರೆಗೆ ಜೊತೆಯಲ್ಲೇ ಒಯ್ಯಬಹುದು. ಆ ಮಿತಿ ಎಸಿ ಫಸ್ಟಿಗೆ 150, ಎಸಿ 2ಕ್ಕೆ 100, ಸ್ಲೀಪರಿಗೆ 80, ಸೆಕೆಂಡಿಗೆ 70. ಎಸಿ 3 ಟಯರಿಗೆ? ಅಲ್ಲಿ ಪುಕ್ಕಟೆಯೂ 40, ಗರಿಷ್ಠವೂ 40. ದುಡ್ಡು ಕಟ್ಟುತ್ತೇನೆ ಎಂದರೂ ಒಂದು ಕೆ.ಜಿ. ಹೆಚ್ಚು ಬುಕ್ ಮಾಡಿ ಒಳಗೆ ಒಯ್ಯುವಂತಿಲ್ಲ.

ವರ್ಗವಾದವರು ಜಾರಿ ಬೀಳುವುದು ಇಲ್ಲೇ. ದೂರದ ದಾರಿ, ಸಂಸ್ಥೆಯವರು ಪ್ರೀತಿಯಿಂದ ಎಸಿ 3ರಲ್ಲಿ ಟಿಕೆಟ್ ಮಾಡಿಸುತ್ತಾರೆ. ಅದೇ ಹುಡುಗ ಸ್ಲೀಪರಿನಲ್ಲಿ ಹೋಗಿದ್ದರೆ ಅದರ ಎರಡರಷ್ಟು ಸಾಮಾನು ಜೊತೆಗೇ ಒಯ್ಯಬಹುದಿತ್ತು. ಬೇಸಿಗೆಯಲ್ಲಿ ಆಂಧ್ರ, ಒಡಿಶಾ ದಾಟಿ ಎರಡು ಮೂರು ರಾತ್ರಿ ಸ್ಲೀಪರಿನಲ್ಲಿ ಕೂರುವುದು ತಮಾಷೆಯಲ್ಲ, ನಿಜ. ಆದರೂ ವರ್ಗಾವಣೆಯ ಪ್ರಯಾಣ ಒಂದಕ್ಕೆ ಸ್ಲೀಪರೇ ಲಾಭ. ಅದು ಆಗದು ಎಂದರೆ ಎಸಿ 3ರಲ್ಲಿ ಕೂತು ಉಳಿದದ್ದನ್ನು ಬ್ರೇಕ್ ವ್ಯಾನಿಗೆ ಹಾಕಿಸಿ. ಬುಕ್ ಮಾಡದೆ ಸುಮ್ಮನೆ ಹತ್ತಿಸಿಕೊಂಡು ಹೋಗುವ ಧೈರ್ಯ ಬೇಡ. ಪುಕ್ಕಟೆ ಮಿತಿಯ ಮೇಲೆ ಹತ್ತು ಕೆ.ಜಿ. ಒಳಗಿನ ಏರುಪೇರಿಗೆ (ಎಸಿ ಫಸ್ಟಿನಲ್ಲಿ ಹದಿನೈದು) ಒಂದೂವರೆ ಪಟ್ಟಿನಲ್ಲಿ ಮುಗಿಯುತ್ತದೆ. ಅದನ್ನೂ ಮೀರಿ ಸಿಕ್ಕಿಬಿದ್ದರೆ ಆರು ಪಟ್ಟು ದಂಡ.

ತೂಕ ಸರಿಯಿದ್ದೂ ಅಳತೆಯಲ್ಲಿ ಸೋಲುವವರು ಹೆಚ್ಚು. ಬೋಗಿಯೊಳಗೆ ಒಯ್ಯುವ ಟ್ರಂಕು, ಸೂಟ್‌ಕೇಸು, ಪೆಟ್ಟಿಗೆ ಯಾವುದೇ ಆಗಲಿ, ಹೊರ ಅಳತೆ 100 ಸೆ.ಮೀ. ಉದ್ದ, 60 ಅಗಲ, 25 ಎತ್ತರ ಮೀರಬಾರದು (ಎಸಿ 3 ಟಯರಿನಲ್ಲಿ ಇನ್ನೂ ಚಿಕ್ಕದು: 55, 45, 22.5). ಉದ್ದ ಅಗಲದ ಚಿಂತೆಯಿಲ್ಲ, ಕಷ್ಟ ಎತ್ತರದ್ದು. 25 ಸೆ.ಮೀ. ಎಂದರೆ ಹತ್ತು ಇಂಚಿಗೂ ಒಂದು ಎಳೆ ಕಡಿಮೆ. ಪೇಟೆಯಲ್ಲಿ ಸಿಗುವ ತಗಡಿನ ಟ್ರಂಕುಗಳ ಎತ್ತರ ಹೆಚ್ಚಾಗಿ ಇದಕ್ಕಿಂತ ಜಾಸ್ತಿ. ದೊಡ್ಡ ಟ್ರಾಲಿ ಸೂಟ್‌ಕೇಸು ಕೂಡ ಹೊಟ್ಟೆ ತುಂಬಿಸಿದರೆ 30 ಸೆ.ಮೀ. ದಪ್ಪಕ್ಕೆ ಉಬ್ಬುತ್ತದೆ. ಟೇಲರ್ ಟೇಪಿನಿಂದ ಮನೆಯಲ್ಲೇ ಅಳೆಯಿರಿ, ಚಕ್ರವನ್ನೂ ಹಿಡಿಯನ್ನೂ ಸೇರಿಸಿ. ಮೂರರಲ್ಲಿ ಒಂದು ಅಳತೆ ಮೀರಿದರೂ ಅದರ ಜಾಗ ಬ್ರೇಕ್ ವ್ಯಾನು.

ಟ್ರಂಕೇ ಬೇಕೇ ಎಂದು ಕೇಳಬಹುದು. ಬ್ರೇಕ್ ವ್ಯಾನಿಗೆ ಟ್ರಂಕೇ ಸರಿ. ಅಲ್ಲಿ ನಿಮ್ಮ ಪೆಟ್ಟಿಗೆಯ ಮೇಲೆ ಇನ್ನಾರದ್ದೋ ಮೂಟೆ ಬೀಳುತ್ತದೆ, ಬಟ್ಟೆಯ ಬ್ಯಾಗು ಅದನ್ನು ತಡೆಯದು, ಪ್ಲಾಸ್ಟಿಕ್ ಸೂಟ್‌ಕೇಸಿನ ಮೂಲೆ ಸೀಳುತ್ತದೆ. ಟ್ರಂಕಿನ ದೋಷ ಎರಡು. ಒಂದು, ಮುಚ್ಚಳ ಮತ್ತು ಮೈ ನಡುವಿನ ಸಂದಿಯಲ್ಲಿ ಮಳೆನೀರು ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಬಟ್ಟೆ ತುಂಬಿ, ಹಾಳೆಯನ್ನು ಮೇಲೆ ಮಡಚಿ ಮುಚ್ಚಬೇಕು. ಎರಡು, ಚಿಲಕ. ಹೊಡೆತಕ್ಕೆ ಚಿಲಕ ತೆರೆದುಕೊಳ್ಳುತ್ತದೆ, ಆದ್ದರಿಂದ ಬೀಗ ಹಾಕಿದ ಮೇಲೂ ಸೆಣಬಿನ ಹುರಿಯಿಂದ ಅಡ್ಡಕ್ಕೆರಡು, ಉದ್ದಕ್ಕೊಂದು ಸುತ್ತು ಬಿಗಿಯಿರಿ. ಅದರ ಮೇಲೆ ಗೋಣಿ ಹೊದಿಸಿ ದಬ್ಬಣದಿಂದ ಹೊಲಿಸಿದರೆ ಇನ್ನೂ ಚೆನ್ನ. ಸರಿಯಾಗಿ ಕಟ್ಟದ ಪೆಟ್ಟಿಗೆಯನ್ನು ಗುಮಾಸ್ತರು ತೆಗೆದುಕೊಂಡರೂ ಕಾಗದದಲ್ಲಿ 'ಕಟ್ಟು ಸಡಿಲ' ಎಂದು ಬರೆಸಿಕೊಳ್ಳುತ್ತಾರೆ. ನಾಳೆ ಏನಾದರೂ ಕಳೆದರೆ ಆ ಎರಡು ಪದ ನಿಮ್ಮ ವಿರುದ್ಧವೇ ನಿಲ್ಲುತ್ತವೆ.

ಹೆಸರು, ವಿಳಾಸ, ಫೋನ್ ನಂಬರು, ಇಳಿಯುವ ಸ್ಟೇಷನ್ ಇವಿಷ್ಟನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಅಳಿಸದ ಶಾಯಿಯಲ್ಲಿ, ಎರಡು ಬದಿಗೆ ಬರೆಯಿರಿ. ಕನ್ನಡದಲ್ಲಿ ಬರೆದರೆ ದಾರಿಯಲ್ಲಿ ಬರುವ ಬಂಗಾಳದ ಮಾಲ್ಡಾದ ಹಮಾಲಿಗೆ ಅರ್ಥವಾಗದು. ಮೂರನೆಯ ಪ್ರತಿ ಪೆಟ್ಟಿಗೆಯ ಒಳಗೆ ಮೇಲ್ಗಡೆ ಇರಲಿ. ಹೊರಗಿನ ಚೀಟಿ ಕಿತ್ತು ಹೋದರೆ ಅದೊಂದೇ ಗತಿ. ವಿಳಾಸದಲ್ಲಿ 'ಗುವಾಹಟಿ' ಅಂತ ಸುಮ್ಮನೆ ಬರೆದು ಬಿಡಬೇಡಿ. ಗುವಾಹಟಿ ಸ್ಟೇಷನ್ ಬೇರೆ, ಅದೇ ನಗರದ ಕಾಮಾಖ್ಯ ಸ್ಟೇಷನ್ ಬೇರೆ. ಬೆಂಗಳೂರಿನಿಂದ ಎರಡಕ್ಕೂ ಗಾಡಿಗಳಿವೆ. ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೊರಡುವ 12509 ಗುವಾಹಟಿ ಎಕ್ಸ್‌ಪ್ರೆಸ್ ಗುವಾಹಟಿಗೆ ಹೋಗುತ್ತದೆ. ಅಲ್ಲಿಂದಲೇ ಹೊರಡುವ 12551 ಕಾಮಾಖ್ಯಕ್ಕೆ ಹೋಗುತ್ತದೆ, ಮತ್ತು ಅದು ಪೂರ್ತಿ ಎಸಿ ಗಾಡಿ, ಸ್ಲೀಪರೇ ಇಲ್ಲ. ಮೇಲೆ ಹೇಳಿದ 80 ಕೆ.ಜಿ. ಅನುಕೂಲ ಬೇಕಿದ್ದರೆ ಇದು ನಿಮ್ಮ ಗಾಡಿಯಲ್ಲ.

ನೇರ ಗಾಡಿ ಹಿಡಿಯುವುದು ಈ ದಾರಿಯಲ್ಲಿ ಬಹಳ ಮುಖ್ಯ. ವಿಶಾಖಪಟ್ಟಣ, ಭುವನೇಶ್ವರ, ನ್ಯೂ ಜಲ್ಪೈಗುರಿ ಹಾದು ಹೋಗುವ ಈ ಹಾದಿ ಸುಮಾರು ಮೂರು ಸಾವಿರ ಕಿ.ಮೀ., ಎರಡು ಮೂರು ರಾತ್ರಿ ರೈಲಿನಲ್ಲೇ ಕಳೆಯಬೇಕು. ಟಿಕೆಟ್ ಸಿಗಲಿಲ್ಲವೆಂದು ಹೌರಾದಲ್ಲಿ ಗಾಡಿ ಬದಲಿಸುವ ಪ್ಲ್ಯಾನ್ ಹಾಕಿದರೆ, ಬ್ರೇಕ್ ವ್ಯಾನಿನ ಟ್ರಂಕನ್ನು ಅಲ್ಲಿ ಬಿಡಿಸಿಕೊಂಡು, ಮತ್ತೆ ಬುಕ್ ಮಾಡಿಸಿ, ಮತ್ತೆ ಹತ್ತಿಸಬೇಕು. ಭಾಷೆ ಬಾರದ ಊರಿನಲ್ಲಿ ಒಬ್ಬರೇ ಮಾಡುವ ಕೆಲಸವಲ್ಲ ಅದು. ನಾಲ್ಕು ದಿನ ತಡವಾದರೂ ನೇರ ಗಾಡಿಯ ಟಿಕೆಟ್ಟಿಗೇ ಕಾಯಿರಿ, ಸೇರುವ ತಾರೀಖನ್ನು ಮುಂದೂಡಿಸಿಕೊಳ್ಳಿ.

ಹೊರಡುವ ದಿನದ ಕ್ರಮ ಇದು. ಗಾಡಿ ಹೊರಡುವುದಕ್ಕೆ ಕನಿಷ್ಠ ಅರ್ಧ ಗಂಟೆ ಮೊದಲು ಸಾಮಾನು ಲಗೇಜ್ ಆಫೀಸಿನಲ್ಲಿರಬೇಕು ಎಂದು ನಿಯಮ. ನಿಯಮವನ್ನು ನಂಬಿ ಅರ್ಧ ಗಂಟೆಗೇ ಹೋದವರು ಪ್ಲಾಟ್‌ಫಾರಂ ಮೇಲೆ ಓಡುತ್ತಾರೆ. ತೂಕದ ಕಾಟಾದ ಮುಂದೆ ಸಾಲಿರುತ್ತದೆ, ಮೀನಿನ ಪೆಟ್ಟಿಗೆಯವರು, ಹೂವಿನ ಬುಟ್ಟಿಯವರು, ಬೈಕ್ ಕಳಿಸುವವರು ನಿಮ್ಮ ಹಿಂದೆ ಮುಂದೆ ಇರುತ್ತಾರೆ. ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳಿ. ಮೊಬೈಲಿನ ಟಿಕೆಟ್ ಸಾಲದು, ಪ್ರಿಂಟ್ ತೆಗೆದುಕೊಂಡು ಹೋಗಿ, ಗುರುತಿನ ಚೀಟಿಯ ಎರಡು ಜೆರಾಕ್ಸ್ ಇರಲಿ. ಫಾರಂ ತುಂಬಿ, ತೂಕ ಹಾಕಿಸಿ, ದುಡ್ಡು ಕಟ್ಟಿ, ರಸೀದಿ ಪಡೆಯಿರಿ. ಪೆಟ್ಟಿಗೆಯ ಮೇಲೆ ಅವರು ಬರೆಯುವ ನಂಬರು ರಸೀದಿಯ ನಂಬರಿಗೆ ಹೊಂದುತ್ತದೆಯೇ ನೋಡಿ, ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಿರಿ. ಆಮೇಲೆ ಪೆಟ್ಟಿಗೆಯನ್ನು ತಳ್ಳುಗಾಡಿಯಲ್ಲಿ ಪ್ಲಾಟ್‌ಫಾರಮ್ಮಿಗೆ ಒಯ್ಯುತ್ತಾರೆ. ಅದು ಬ್ರೇಕ್ ವ್ಯಾನಿನೊಳಗೆ ಹೋಗುವುದನ್ನು ಕಣ್ಣಾರೆ ನೋಡಿಯೇ ನಿಮ್ಮ ಬೋಗಿಯ ಕಡೆ ನಡೆಯಿರಿ. ಬ್ರೇಕ್ ವ್ಯಾನು ಗಾಡಿಯ ಎರಡೂ ತುದಿಗಳಲ್ಲಿ ಇರಬಹುದು, ಯಾವ ತುದಿಗೆ ಹಾಕಿದರು ಎಂದು ನೆನಪಿಟ್ಟುಕೊಂಡರೆ ಇಳಿದಾಗ ತಪ್ಪು ಕಡೆಗೆ ಓಡುವುದು ತಪ್ಪುತ್ತದೆ.

ಅಂಕ ಕಡಿದುಕೊಂಡದ್ದಕ್ಕೆ ಮೊದಲ ಕಾರಣ ಹೊಣೆಗಾರಿಕೆಯ ಮಿತಿ. ಸಾಮಾನಿನ ಬೆಲೆ ಘೋಷಿಸದೆ ಬುಕ್ ಮಾಡಿದರೆ, ಕಳೆದರೆ ರೈಲ್ವೆ ಕೊಡುವುದು ಕೆ.ಜಿ.ಗೆ ಹೆಚ್ಚೆಂದರೆ 100 ರೂಪಾಯಿ. 30 ಕೆ.ಜಿ. ಟ್ರಂಕು ಪೂರ್ತಿ ಹೋದರೆ 3000. ಒಳಗೊಂದು ಪ್ರೊಜೆಕ್ಟರ್ ಇದ್ದಿದ್ದರೆ ಅದರ ಬೆಲೆಯ ಮುಂದೆ ಇದು ಏನೂ ಅಲ್ಲ. ಬೆಲೆ ಘೋಷಿಸಿ ಶೇಕಡಾವಾರು ಶುಲ್ಕ ಕಟ್ಟಿದರೆ ರಕ್ಷಣೆ ಹೆಚ್ಚುತ್ತದೆ. ಆದರೆ ಕೌಂಟರಿನಲ್ಲಿ ನೀವಾಗಿ ಕೇಳದಿದ್ದರೆ ಆ ಮಾತೇ ಬರುವುದಿಲ್ಲ. ಕಳೆದದ್ದಕ್ಕೆ ಪರಿಹಾರ ಕೇಳುವ ನೋಟಿಸು, ಸಾಮಾನು ಒಪ್ಪಿಸಿದ ದಿನದಿಂದ ಆರು ತಿಂಗಳೊಳಗೆ ಲಿಖಿತವಾಗಿ ಹೋಗಬೇಕು. ಬುಕ್ ಮಾಡದೆ ಸೀಟಿನ ಕೆಳಗಿಟ್ಟುಕೊಂಡ ಸಾಮಾನು ಕಳುವಾದರೆ, 1989ರ ರೈಲ್ವೆ ಕಾಯ್ದೆಯ 100ನೇ ಕಲಮಿನ ಪ್ರಕಾರ, ನೌಕರರ ತಪ್ಪಿನಿಂದಲೇ ಹೋಯಿತು ಎಂದು ನೀವು ಸಾಬೀತು ಮಾಡದ ಹೊರತು ರೈಲ್ವೆ ಹೊಣೆಯಲ್ಲ. ಹಾಗಾಗಿ ಸೀಟಿನ ಕೆಳಗಿನದಕ್ಕೆ ಸರಪಳಿ ಮತ್ತು ಬೀಗ, ಲ್ಯಾಪ್‌ಟಾಪು ಮತ್ತು ಮೂಲ ಸರ್ಟಿಫಿಕೇಟುಗಳು ತಲೆದಿಂಬಿನ ಕೆಳಗೆ.

ಸೈಕಲ್ ಒಯ್ಯುವುದೇ? ಹಳ್ಳಿ ತಿರುಗುವ ಮಿಷನರಿಗೆ ಸೈಕಲ್ ಮೇಲೆ ಮಮತೆ ಇರುತ್ತದೆ, ಅದಕ್ಕಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಸೈಕಲ್ಲಿಗೆ ಪುಕ್ಕಟೆ ತೂಕದ ರಿಯಾಯಿತಿ ಅನ್ವಯಿಸುವುದಿಲ್ಲ, ನಿಮ್ಮ ಬಳಿ ಬೇರೇನೂ ಸಾಮಾನು ಇಲ್ಲದಿದ್ದರೂ ಅದಕ್ಕೆ ಪೂರ್ತಿ ದುಡ್ಡು. ಕಳಿಸುವುದಾದರೆ ಪೆಡಲ್ ಬಿಚ್ಚಿ. ಹೆಚ್ಚಿನ ಸೈಕಲ್ಲುಗಳಿಗೆ 15 ಎಂ.ಎಂ. ಸ್ಪ್ಯಾನರ್ ಸಾಕು, ಆದರೆ ಎಡಗಡೆಯ ಪೆಡಲ್ಲಿನ ಮರೆ (ತಿರುಪಿನ ಸುತ್ತು) ಉಲ್ಟಾ, ಅದನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿ ಮರೆ ಕೆಡಿಸಿಕೊಳ್ಳುತ್ತಾರೆ. ಹ್ಯಾಂಡಲ್ ಸಡಿಲಿಸಿ ಚೌಕಟ್ಟಿನ ಉದ್ದಕ್ಕೆ ತಿರುಗಿಸಿ, ಸರಪಳಿಯ ಎಣ್ಣೆ ಒರೆಸಿ ಹಳೆ ಬಟ್ಟೆ ಸುತ್ತಿ. ಎಣ್ಣೆ ಪಕ್ಕದವರ ಮೂಟೆಗೆ ಮೆತ್ತಿದರೆ ಗಲಾಟೆ. ಹಿಂದಿನ ಗಿಯರ್ ಬದಲಿಸುವ ತೋಳು ಇದ್ದರೆ ಅದಕ್ಕೆ ರಟ್ಟು ಕಟ್ಟಿ, ಅದು ಬಾಗಿದರೆ ಗಿಯರ್ ಕೂರುವುದಿಲ್ಲ. ಇಷ್ಟೆಲ್ಲ ಮಾಡಿಯೂ ಮೂರು ಸಾವಿರ ಕಿ.ಮೀ. ದೂರಕ್ಕೆ ಹಳೆ ಸೈಕಲ್ ಕಳಿಸುವುದು ಲಾಭವಲ್ಲ. ಇಲ್ಲಿ ಮಾರಿ, ಅಲ್ಲೊಂದು ಸೆಕೆಂಡ್ ಹ್ಯಾಂಡ್ ಕೊಳ್ಳಿ. ಹುಬ್ಬಳ್ಳಿಗೋ ಕಲಬುರಗಿಗೋ ಆದರೆ ಮಾತು ಬೇರೆ.

ಗಿಟಾರ್, ಹಾರ್ಮೋನಿಯಂ ಎರಡನ್ನೂ ಬ್ರೇಕ್ ವ್ಯಾನಿಗೆ ಹಾಕಬೇಡಿ. ಗಿಟಾರಿನ ತಂತಿಗಳನ್ನು ಒಂದೆರಡು ಸ್ವರ ಇಳಿಸಿ ಜೊತೆಗೇ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ಕಾದ ಡಬ್ಬಿಯಲ್ಲಿ ಬಿಗಿದ ತಂತಿ, ಅದು ಕೂರುವ ಸೇತುವೆಯನ್ನೇ (ಬ್ರಿಜ್) ಎಳೆದು ಕೀಳುತ್ತದೆ. ಹಾರ್ಮೋನಿಯಮ್ಮಿನ ತಿದಿಯ ಕೊಂಡಿ ಹಾಕಿ. ಮುಂದೆ ಬ್ರಹ್ಮಪುತ್ರದ ಬಯಲಿನ ತೇವಕ್ಕೆ ಮರ ಉಬ್ಬಿ ಬೆರಳಿನಿಂದ ಒತ್ತುವ ಮನೆಗಳು ಅಂಟಿಕೊಂಡರೆ ಅದು ರೈಲಿನ ತಪ್ಪಲ್ಲ. ಅಂದ ಹಾಗೆ ಈ ದಾರಿಯ ಭಾರದ ದಾಖಲೆ ನಮ್ಮ ಕಾಲದವರ ಕೈಗೆ ಸಿಗುವುದು ಕಷ್ಟ: ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿಗಳಾದ ನೇಥನ್ ಬ್ರೌನ್ ಮತ್ತು ಆಲಿವರ್ ಕಟರ್ ಕಲ್ಕತ್ತೆಯಿಂದ ದೋಣಿಯಲ್ಲಿ ಬ್ರಹ್ಮಪುತ್ರದ ಎದುರು ಹರಿವಿಗೆ ತಿಂಗಳುಗಟ್ಟಲೆ ಸಾಗಿ, 1836ರಲ್ಲಿ ಸದಿಯಾ ಮುಟ್ಟಿದ್ದು ಮುದ್ರಣಯಂತ್ರದ ಸಮೇತ. ಅಸ್ಸಾಮಿಯ ಮೊದಲ ಪತ್ರಿಕೆ 'ಅರುಣೋದಯ' 1846ರಲ್ಲಿ ಹೊರಟದ್ದು ಆ ಮಿಷನ್ನಿನ ಅಚ್ಚುಕೂಟದಿಂದಲೇ.

ಪುಸ್ತಕಗಳ ವಿಷಯಕ್ಕೆ ಬಂದರೆ ರೈಲ್ವೆಗಿಂತ ಅಂಚೆ ಮೇಲು, ಇದರಲ್ಲಿ ಎರಡು ಮಾತಿಲ್ಲ. ಪುಸ್ತಕ ಗಾತ್ರದಲ್ಲಿ ಸಣ್ಣದು, ತೂಕದಲ್ಲಿ ಕಲ್ಲು. ಟ್ರಂಕಿನ ತಳದಲ್ಲಿ ಹದಿನೈದು ಕೆ.ಜಿ. ಪುಸ್ತಕ ಹಾಕಿದರೆ ಎತ್ತುವಾಗ ಹಿಡಿ ಕಿತ್ತು ಬರುತ್ತದೆ. ಅಂಚೆ ಇಲಾಖೆ 2025ರ ಮೇ 1ರಿಂದ ನಡೆಸುತ್ತಿರುವ 'ಜ್ಞಾನ್ ಪೋಸ್ಟ್' ಸೇವೆಯಲ್ಲಿ ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳನ್ನು 300 ಗ್ರಾಮಿನಿಂದ 5 ಕೆ.ಜಿ.ವರೆಗಿನ ಕಟ್ಟುಗಳಲ್ಲಿ ಕಳಿಸಬಹುದು. ಆರಂಭದ ದರ 300 ಗ್ರಾಮಿಗೆ 20 ರೂಪಾಯಿ, 5 ಕೆ.ಜಿ.ಗೆ 100 ರೂಪಾಯಿ, ತೆರಿಗೆ ಬೇರೆ. ಹದಿನೈದು ಕೆ.ಜಿ. ಎಂದರೆ ಮೂರು ಕಟ್ಟು, ತೆರಿಗೆ ಬಿಟ್ಟು 300 ರೂಪಾಯಿ. ಎಲ್ಲಿ ತಲುಪಿತು ಎಂದು ನೋಡುವ ಸೌಲಭ್ಯವೂ ಇದೆ. ಪ್ರತಿ ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರಿರಬೇಕು. ಆದ್ದರಿಂದ ಕೈಬರಹದ ನೋಟು ಪುಸ್ತಕ, ಜೆರಾಕ್ಸ್ ಕಟ್ಟುಗಳು ಇದರಲ್ಲಿ ಹೋಗವು, ಅವನ್ನು ಟ್ರಂಕಿಗೆ ಹಾಕಿ. ನೆಲದ ದಾರಿಯಲ್ಲೇ ಹೋಗುವುದರಿಂದ ನಿಧಾನ. ನೀವು ಹೊರಡುವುದಕ್ಕೆ ಹತ್ತು ದಿನ ಮೊದಲೇ ಅಲ್ಲಿನ ಕಚೇರಿಯ ವಿಳಾಸಕ್ಕೆ ಹಾಕಿಬಿಟ್ಟರೆ ಲೆಕ್ಕ ಸರಿಹೋಗುತ್ತದೆ.

ಹಂಚುವ ಕರಪತ್ರಗಳ ಬಂಡಲ್ಲು ಇನ್ನೊಂದು ಜಾತಿ. ಒಂದೇ ಹಾಳೆಯ ಸಾವಿರಾರು ಪ್ರತಿ ಇದ್ದರೆ ಅದು ಸ್ವಂತ ಸಾಮಾನಿನಂತೆ ಕಾಣುವುದಿಲ್ಲ, ಸರಕಿನಂತೆ ಕಾಣುತ್ತದೆ. ಸರಕನ್ನು ವೈಯಕ್ತಿಕ ಲಗೇಜಾಗಿ ಬೋಗಿಯಲ್ಲಿ ಒಯ್ಯಲು ಬಿಡುವುದಿಲ್ಲ. ಅದಕ್ಕೆ ಪಾರ್ಸೆಲ್ಲೇ ದಾರಿ, ಅಥವಾ ಅಲ್ಲೇ ಅಚ್ಚು ಹಾಕಿಸುವುದು. ಹೇಗೂ ಕನ್ನಡದ ಕರಪತ್ರ ಗುವಾಹಟಿಯಲ್ಲಿ ಯಾರು ಓದಬೇಕು?

ಅಡುಗೆಯ ಸಾಮಾನಿನಲ್ಲಿ ಮೂರು ಲೀಟರ್ ಕುಕ್ಕರ್, ಒಂದು ಬಾಣಲೆ, ಒಂದು ತಟ್ಟೆ, ಎರಡು ಲೋಟ. ಅನ್ನ ಮೀನಿನ ನಾಡಿನಲ್ಲಿ ಅಕ್ಕಿಗೆ ಬರವಿಲ್ಲ. ರಾಗಿ ಹಿಟ್ಟು ಪ್ರತಿ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬಿ ಹೋಗಬೇಡಿ, ಐದು ಕೆ.ಜಿ. ಒಯ್ದರೆ ಎರಡು ತಿಂಗಳು ಮನಸ್ಸಿಗೆ ಸಮಾಧಾನ. ಹಿಟ್ಟಿಗಿಂತ ರಾಗಿಯನ್ನೇ ಒಯ್ದು ಅಲ್ಲಿ ಬೀಸಿಸಿಕೊಳ್ಳುವುದು ಇನ್ನೂ ಜಾಣತನ. ಹಿಟ್ಟು ತೇವಕ್ಕೆ ಬೇಗ ಮುಗ್ಗುತ್ತದೆ, ಕಾಳು ವರ್ಷಗಟ್ಟಲೆ ಕೆಡದು. ಬ್ರೇಕ್ ವ್ಯಾನಿನಲ್ಲಿ ಇಲಿ ಇರುತ್ತದೆ, ಆದ್ದರಿಂದ ತಿನ್ನುವ ಯಾವುದೂ ಬರೀ ಪ್ಲಾಸ್ಟಿಕ್ಕಿನಲ್ಲಿ ಬೇಡ, ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮುಚ್ಚಳ ಹಾಕಿ. ಉಪ್ಪಿನಕಾಯಿ, ತುಪ್ಪ, ಎಣ್ಣೆ ಸೋರುವಂತಿದ್ದರೆ ಮನೆಯಲ್ಲೇ ಬಿಡಿ. ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ರೈಲಿಗೆ ಹತ್ತಿಸುವಂತೆಯೇ ಇಲ್ಲ. ಗ್ಯಾಸ್ ಸಂಪರ್ಕ ನಿಮ್ಮ ಹೆಸರಿನಲ್ಲಿದ್ದರೆ ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ವರ್ಗಾವಣೆಯ ವೋಚರ್ ತೆಗೆದುಕೊಳ್ಳಿ, ಅಲ್ಲಿ ಅದನ್ನು ತೋರಿಸಿದರೆ ಹೊಸ ಸಂಪರ್ಕ ಬೇಗ ಆಗುತ್ತದೆ.

ಬಟ್ಟೆಯಲ್ಲಿ ಒಂದು ಎಚ್ಚರಿಕೆ. ಅಸ್ಸಾಮಿನ ಬಹಳ ಕಡೆ ಅಂತರ್ಜಲದಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಿಳಿ ಅಂಗಿ, ಬಿಳಿ ಪಂಚೆ, ಬಿಳಿ ನಿಲುವಂಗಿ ನಾಲ್ಕು ಒಗೆತಕ್ಕೆ ಕಾವಿಗೆ ತಿರುಗುತ್ತವೆ. ಆರಾಧನೆಗೆ ಎರಡು ಬಿಳಿ ಸಾಕು, ಉಳಿದದ್ದು ಬಣ್ಣದ್ದಿರಲಿ. ಚರ್ಮದ ಬೂಟು, ಬೆಲ್ಟಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಸೊಳ್ಳೆ ಪರದೆಯನ್ನು ಟ್ರಂಕಿಗೆ ಹಾಕಬೇಡಿ, ಕೈಚೀಲದಲ್ಲಿರಲಿ. ಟ್ರಂಕು ಒಂದು ದಿನ ತಡವಾದರೂ ಮೊದಲ ರಾತ್ರಿ ನಿದ್ದೆ ಬರಬೇಕಲ್ಲ. ಕೈಚೀಲದಲ್ಲಿ ಪರದೆಯ ಜೊತೆ ಒಂದು ಹೊದಿಕೆ, ಎರಡು ಜೊತೆ ಬಟ್ಟೆ, ಟಾರ್ಚು, ವಾರದ ಔಷಧ, ಬೈಬಲ್, ಸಂಸ್ಥೆಯ ಪತ್ರ ಇದ್ದರೆ ಟ್ರಂಕಿನ ದಾರಿ ನೋಡುತ್ತಾ ಕೂರಬೇಕಿಲ್ಲ. ಮೊದಲ ದಿನಗಳಲ್ಲಿ ಕಂಗೆಡಿಸುವ ಇನ್ನೊಂದು ಅಲ್ಲಿನ ಹಗಲು. ಜೂನಿನಲ್ಲಿ ನಾಲ್ಕೂವರೆಗೇ ಸೂರ್ಯ ಹುಟ್ಟುತ್ತಾನೆ, ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಮುಳುಗುತ್ತಾನೆ. ಗಡಿಯಾರ ಮಾತ್ರ ನಮ್ಮದೇ. ಮನೆ ಭೇಟಿಗೆ ಸಂಜೆ ಆರು ಗಂಟೆ ಎಂದು ಇಲ್ಲಿನ ಅಭ್ಯಾಸದಲ್ಲಿ ಹೇಳಿದರೆ ಚಳಿಗಾಲದಲ್ಲಿ ಅದು ರಾತ್ರಿ. ಭಾಷೆಯಲ್ಲೂ ಮೊದಲ ದಿನವೇ ಕಿವಿ ತಪ್ಪುತ್ತದೆ. ಬರಹದಲ್ಲಿ ಸ, ಶ, ಷ ಎಂದಿರುವುದನ್ನು ಅಸ್ಸಾಮಿಯವರು ಬಹಳ ಕಡೆ ಗಂಟಲಿನ ಹಕಾರದಂತೆ ಉಚ್ಚರಿಸುತ್ತಾರೆ, ಅವರ ನಾಡಿನ ಹೆಸರೇ ಅವರ ಬಾಯಲ್ಲಿ 'ಅಹಮ್' ಎಂದು ನಮಗೆ ಕೇಳಿಸುತ್ತದೆ. ಸ್ಟೇಷನ್ನಿನಲ್ಲಿ ಹಮಾಲಿಯನ್ನು 'ದಾದಾ' ಎಂದು ಕರೆದರೆ ಸಾಕು, ಅಣ್ಣ ಎಂಬ ಮರ್ಯಾದೆ ಅದರಲ್ಲಿದೆ.

ಗುವಾಹಟಿ ಕೊನೆಯ ಊರಲ್ಲದಿದ್ದರೆ ಈ ಸೇವೆಯ ಬೆಲೆ ಇಳಿಯುತ್ತದೆ. ಅಂಕ ಕಡಿಯಲು ಎರಡನೆಯ ಕಾರಣ ಇದೇ: ಲಗೇಜ್ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಮಾತ್ರ. ಶಿಲ್ಲಾಂಗಿಗೆ ರೈಲಿಲ್ಲ, ಗುವಾಹಟಿಯಿಂದ ಸುಮಾರು 100 ಕಿ.ಮೀ. ಘಾಟ್ ರಸ್ತೆ. ಹಂಚಿಕೆಯ ಸುಮೋದ ತಲೆಯ ಮೇಲೆ ಟ್ರಂಕು ಕಟ್ಟುತ್ತಾರೆ, ಟಾರ್ಪಾಲು ಹೊದಿಸಲು ನೀವೇ ಹೇಳಬೇಕು. ಮಿಜೋರಾಂ ರಾಜಧಾನಿ ಐಜ್ವಾಲಿನ ಹತ್ತಿರದ ಸೈರಾಂಗಿಗೆ 2025ರ ಸೆಪ್ಟೆಂಬರಿನಲ್ಲಿ ರೈಲು ಬಂತು. ಆದರೆ ಗಾಡಿ ಕಡಿಮೆ ಹೊತ್ತು ನಿಲ್ಲುವ ನಡುವಿನ ಸ್ಟೇಷನ್ನುಗಳಿಗೆ ಬ್ರೇಕ್ ವ್ಯಾನಿನ ಬುಕಿಂಗ್ ಸಿಗದಿರಬಹುದು, ಮೊದಲೇ ಕೌಂಟರಿನಲ್ಲಿ ಕೇಳಿ. ಸಾಮಾನಿಗಿಂತ ಮುಂಚೆ ಕಾಗದ ನೋಡಿಕೊಳ್ಳಬೇಕಾದ ರಾಜ್ಯಗಳೂ ಇವೆ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರಕ್ಕೆ ಹೊರಗಿನ ಭಾರತೀಯರಿಗೂ ಇನ್ನರ್ ಲೈನ್ ಪರ್ಮಿಟ್ ಎಂಬ ಪ್ರವೇಶದ ಅನುಮತಿ ಬೇಕು. 1873ರ ಬ್ರಿಟಿಷರ ಕಾನೂನಿನ ಬೇರು ಇದು, ಮಣಿಪುರಕ್ಕೆ ಅನ್ವಯವಾದದ್ದು ಮಾತ್ರ 2020ರ ಜನವರಿಯಿಂದ. ರೈಲು ಸ್ಟೇಷನ್ ಇರುವ ದಿಮಾಪುರವೂ ಈಗ ಇದರೊಳಗೆ ಬರುತ್ತದೆ. ಪ್ರವಾಸಿಗಳ ಹದಿನೈದು ದಿನದ ಪರ್ಮಿಟ್ ಹಿಡಿದು ವರ್ಷದ ಕೆಲಸಕ್ಕೆ ಹೋಗುವುದು ತಪ್ಪು. ಹೆಚ್ಚು ದಿನದ್ದಕ್ಕೆ ಮಿಜೋರಾಂನಲ್ಲಿ ಸ್ಥಳೀಯ ಪ್ರಾಯೋಜಕರು ಬೇಕು, ಅದನ್ನು ಅಲ್ಲಿನ ಸಭೆಯವರಿಂದ ಮೊದಲೇ ಮಾಡಿಸಿಕೊಳ್ಳಿ. ಅಸ್ಸಾಂ, ಮೇಘಾಲಯ, ತ್ರಿಪುರಾಕ್ಕೆ ಈ ಪರ್ಮಿಟ್ ಬೇಡ.

ಇನ್ನು ಕರ್ನಾಟಕದ ಒಳಗೇ ವರ್ಗವಾದವರಿಗೆ, ಉದಾಹರಣೆಗೆ ಮೈಸೂರಿನಿಂದ ಧಾರವಾಡಕ್ಕೆ, ರೈಲಿನ ಲಗೇಜ್ ಆಫೀಸಿನ ಗೊಡವೆಯೇ ಬೇಡ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ. ಪುಕ್ಕಟೆ. ಮಿಕ್ಕದ್ದನ್ನು ನಿಗಮ 2021ರಲ್ಲಿ ತೆರೆದ 'ನಮ್ಮ ಕಾರ್ಗೋ' ಕೌಂಟರಿನಲ್ಲಿ ಬಸ್ ಸ್ಟ್ಯಾಂಡಿನಿಂದ ಬಸ್ ಸ್ಟ್ಯಾಂಡಿಗೆ ಹಾಕಿ.

ಇಳಿದ ಮೇಲಿನ ಕೆಲಸ ಚಿಕ್ಕದು, ಆದರೆ ಆತುರ ಬೇಡ. ಗಾಡಿ ನಿಂತ ಕೂಡಲೇ ಬ್ರೇಕ್ ವ್ಯಾನಿನ ಕಡೆ ಹೋಗಿ ಪೆಟ್ಟಿಗೆ ಇಳಿಯುವುದನ್ನು ನೋಡಿ. ಅಲ್ಲೇ ಕೈಗೆ ಕೊಡುವುದಿಲ್ಲ, ಪಾರ್ಸೆಲ್ ಆಫೀಸಿಗೆ ಒಯ್ದು ಲೆಕ್ಕಕ್ಕೆ ಹತ್ತಿಸಿ ಆಮೇಲೆ ಕೊಡುತ್ತಾರೆ. ಮೂಲ ರಸೀದಿ ಇಲ್ಲದೆ ಸಿಗುವುದಿಲ್ಲ. ರಸೀದಿ ಕಳೆದರೆ ಛಾಪಾ ಕಾಗದದಲ್ಲಿ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ, ಹೊಸ ಊರಿನಲ್ಲಿ ಅರ್ಧ ದಿನ ಅದಕ್ಕೇ ಹೋಗುತ್ತದೆ. ಪುಕ್ಕಟೆಯಾಗಿ ಇಟ್ಟುಕೊಳ್ಳುವ ಗಂಟೆಗಳು ಕಡಿಮೆ, ಆಮೇಲೆ ತೂಕ ಮತ್ತು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುತ್ತದೆ. 'ನಾಳೆ ಜೀಪು ತಂದು ಒಯ್ಯುತ್ತೇನೆ' ಎಂದು ಬಿಟ್ಟು ಹೋಗಬೇಡಿ. ಪೆಟ್ಟಿಗೆ ಜಜ್ಜಿದ್ದರೆ, ಹುರಿ ಬಿಚ್ಚಿದ್ದರೆ ಸಹಿ ಹಾಕುವ ಮೊದಲೇ ಹೇಳಿ, ತೆರೆದು ತೂಕ ಹಾಕಿಸಿ ಕಾಗದದಲ್ಲಿ ಬರೆಸಿಕೊಳ್ಳಿ. ಸಹಿ ಹಾಕಿ ಹೊರಬಂದ ಮೇಲೆ ಹೇಳಿದ ಮಾತಿಗೆ ಬೆಲೆಯಿಲ್ಲ.

ಟ್ರಂಕು ಖಾಲಿಯಾದ ಮೇಲೆ ಮಾರಬೇಡಿ, ಎರಡೋ ಮೂರೋ ವರ್ಷಕ್ಕೆ ಮತ್ತೆ ಪತ್ರ ಬರುತ್ತದೆ. ಅಲ್ಲಿಯವರೆಗೆ ನೆಲದ ತೇವ ತಾಗದಂತೆ ನಾಲ್ಕು ಇಟ್ಟಿಗೆಯ ಮೇಲಿಟ್ಟರೆ ಮೇಜೂ ಆಗುತ್ತದೆ, ಕಪಾಟೂ ಆಗುತ್ತದೆ. ಹಳೆಯ ಚೀಟಿ, ಹಳೆಯ ನಂಬರು ಮಾತ್ರ ಇವತ್ತೇ ಕೆರೆದು ತೆಗೆಯಿರಿ. ಮುಂದಿನ ಸಲ ಅವಸರದಲ್ಲಿ ಅದು ಹಾಗೇ ಉಳಿದರೆ, ನೀವು ಇಂಫಾಲಿನ ಕಡೆಗೆ ಹೋದಾಗ ಟ್ರಂಕು ಮತ್ತೆ ಗುವಾಹಟಿಯಲ್ಲೇ ಇಳಿಯುತ್ತದೆ.